ಬದುವಿನ ಕುಳ್ಳ ಹುಣಸೆ ಕೀಳೋಕೆ ಮುಂಚೆ

ಈ ಸಲ ಬೆಳೆ ವಿಚಾರ ಅಲ್ಲ, ಬದುವಿನ ವಿಚಾರ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಎರಡು ಮೂರು ಬೇಸಿಗೆಯಿಂದ ನಮ್ಮ ಕಡೆ ಪಿಕಪ್ ಗಾಡಿ ತಗೊಂಡು ಕುಳ್ಳ ಮರ ಹುಡುಕಿಕೊಂಡು ಬರೋರು ಜಾಸ್ತಿ ಆಗಿದ್ದಾರೆ. ಎತ್ತರಕ್ಕೆ ಬೆಳೆದ ಒಳ್ಳೆ ಮರ ಅವರಿಗೆ ಬೇಡ. ಮೇಕೆ ಮೇಯ್ದು ಮೇಯ್ದು ಮೊಣಕಾಲುದ್ದಕ್ಕೇ ನಿಂತು ಬುಡ ಮಾತ್ರ ತೊಡೆ ಗಾತ್ರ ಆಗಿರೋ ಹುಣಸೆ, ಬಂಡೆ ಸಂದಿಯಲ್ಲಿ ತಿರುಚಿಕೊಂಡಿರೋ ಬಸರಿ, ಪಾಳು ಬಾವಿ ಕಲ್ಲನ್ನ ಅಪ್ಪಿಕೊಂಡಿರೋ ಗೋಣಿ, ಇಂಥವು ಬೇಕು. 500 ರೂಪಾಯೋ 800 ರೂಪಾಯೋ ಕೈಗಿಟ್ಟು, ಊರ ಹುಡುಗರ ಕೈಲೇ ಹಾರೆ ಹಾಕಿಸಿ, ಅರ್ಧ ಗಂಟೆಯಲ್ಲಿ ಎಬ್ಬಿಸಿಕೊಂಡು ಹೋಗ್ತಾರೆ. ಸಿಟಿಗೆ ಹೋಗಿ ಅದು ಬೋನ್ಸಾಯ್ ಆಗುತ್ತೆ ಅಂತ ಲೆಕ್ಕ. ನನ್ನ ಕೆಳಗಲ ಹೊಲದ ಬದುವಿನಲ್ಲಿರೋ ಹುಣಸೆಗೂ ಬಂದು ಕೇಳಿದ್ರು. "ಕಾಯಿ ಬಿಡಲ್ಲ, ನೆರಳು ಕೊಡಲ್ಲ, ಈ ಕುಂಟು ಮರ ಇಟ್ಕಂಡು ಏನ್ ಮಾಡ್ತೀಯ ಅಣ್ಣ" ಅಂದ್ರು. ನಾನು ಕೊಡಲಿಲ್ಲ. ನೀವೂ ಕೊಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಬರೀತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಬೋನ್ಸಾಯ್ ವಿರೋಧಿ ಅಲ್ಲ. ನಮ್ಮ ಮನೆ ತಾರಸಿ ಮೇಲೆ ಒಂಬತ್ತು ಕುಂಡ ಇದೆ, ಅದರಲ್ಲಿ ಹಳೇದು ಅಂದ್ರೆ 14 ವರ್ಷದ ಬಸರಿ. ಮರವನ್ನ ಕುಬ್ಜ ಮಾಡೋದು ಪಾಪ, ಅದಕ್ಕೆ ಹಿಂಸೆ ಅಂತ ಹಿರಿಯರು ಕೆಲವರು ಬೈತಾರೆ. ಅದನ್ನ ನಾನು ಒಪ್ಪಲ್ಲ. ಹಿಪ್ಪುನೇರಳೆಯನ್ನ ಬೆಳೆ ಬೆಳೆಗೂ ಬುಡಕ್ಕೆ ಕಡೀತೀವಿ, ದ್ರಾಕ್ಷಿ ಬಳ್ಳಿಯನ್ನ ವರ್ಷಕ್ಕೆ ಎರಡು ಸಲ ಬೋಳು ಮಾಡ್ತೀವಿ, ಅದು ಹಿಂಸೆ ಆಗಲ್ಲ, ಇದು ಮಾತ್ರ ಆಗುತ್ತಾ? ಸರಿಯಾಗಿ ನೋಡಿಕೊಂಡ ಕುಂಡದ ಮರಕ್ಕೆ ನೀರು, ಗೊಬ್ಬರ, ಬಿಸಿಲು ಎಲ್ಲಾ ಬೇಕಾದಷ್ಟು ಸಿಗುತ್ತೆ. ನನ್ನ ತಕರಾರು ಬೇರೆ. ಎಲ್ಲಿಂದ ಕೀಳ್ತೀವಿ, ಕಿತ್ತ ಮೇಲೆ ಏನು ಮಾಡ್ತೀವಿ, ಯಾವ ಮರದ ಪಾಠವನ್ನ ಯಾವ ಮರಕ್ಕೆ ಹೇಳ್ತಿದೀವಿ ಅನ್ನೋದು.

ಈಗಿನ ಹುಡುಗರು ಇದನ್ನ ಕಲಿತಿರೋದು ಮೊಬೈಲ್ ವಿಡಿಯೋದಿಂದ. ಆ ವಿಡಿಯೋಗಳಲ್ಲಿ ಹೆಚ್ಚಾಗಿ ಇರೋ ಮರ ಜೂನಿಪರ್. ಸೈಪ್ರಸ್ ಕುಲದ್ದು, ಎಲೆ ಮೀನಿನ ಹುರುಪೆ ತರ ಇರುತ್ತೆ. ನಮ್ಮ ಬೆಟ್ಟಗಳಲ್ಲಿ ಅದು ತಾನಾಗಿ ಬೆಳೆಯಲ್ಲ, ನರ್ಸರಿ ಕುಂಡದಲ್ಲಿ ಮಾತ್ರ ನೋಡಿರ್ತೀರಿ. ಲಡಾಖ್, ಲಾಹೌಲ್ ಕಡೆ ಹಿಮಾಲಯದಲ್ಲಿ ಕಾಡು ಜೂನಿಪರ್ ಇದೆ, ಅದರ ಸೊಪ್ಪನ್ನ ಅಲ್ಲಿಯ ಬೌದ್ಧರು ಧೂಪಕ್ಕೆ ಹಾಕ್ತಾರೆ. ಬೋನ್ಸಾಯ್‌ನಲ್ಲಿ ಅದಕ್ಕೆ ಹೆಸರು ಬಂದಿದ್ದು ಜಪಾನಿನಿಂದ. ಅಲ್ಲಿ ಶಿಂಪಾಕು ಅಂತ ಕರೀತಾರೆ. ಸಮುದ್ರದ ಕಡೆಯ ಕಡಿದಾದ ಬಂಡೆಗಳಲ್ಲಿ, ಹಿಮದ ಭಾರಕ್ಕೆ, ಗಾಳಿ ಹೊಡೆತಕ್ಕೆ ಸಿಕ್ಕಿ ತೊಗಟೆ ಸುಲಿದು, ಅರ್ಧ ಸತ್ತು, ಒಂದು ಸೀಳು ಜೀವದಲ್ಲಿ ಬದುಕಿರೋ ಮರಗಳು. ಬೆಟ್ಟದಿಂದ ಹೀಗೆ ತಂದ ಮರಕ್ಕೆ ಯಮಾದೊರಿ ಅಂತಾರೆ. ನಿಯಿಗಾತ ಪ್ರಾಂತ್ಯದ ಇಟೊಯಿಗಾವಾ ಅನ್ನೋ ಊರಿನ ಮರಗಳಿಗೆ ಎಷ್ಟು ಬೆಲೆ ಬಂತು ಅಂದ್ರೆ, ಜನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿದು ಕಿತ್ತರು. ಬಿದ್ದು ಸತ್ತವರೂ ಇದ್ದಾರೆ. ಕೊನೆಗೆ ಬಂಡೆಗಳೇ ಬೋಳಾದವು. ಈಗ ಇಟೊಯಿಗಾವಾ ಅಂತ ಮಾರೋದು ಬಹುಪಾಲು ಕಡ್ಡಿ ನೆಟ್ಟು ಬೆಳೆಸಿದ ಗಿಡ.

ವಿಡಿಯೋದಲ್ಲಿ ಏನು ಕಾಣುತ್ತೆ? ಪೊದೆ ತರ ಇರೋ ಮರವನ್ನ ಒಬ್ಬ ತಂದು ತಿರುಗೋ ಮೇಜಿನ ಮೇಲೆ ಇಡ್ತಾನೆ. ಮುಕ್ಕಾಲು ಸೊಪ್ಪು ಸವರ್ತಾನೆ, ಕೆಲವು ಕೊಂಬೆ ಸಿಪ್ಪೆ ಸುಲಿದು ಒಣ ಕಡ್ಡಿ ಮಾಡ್ತಾನೆ, ಕಾಂಡದ ಮೇಲೂ ಉದ್ದಕ್ಕೆ ಸೀಳ್ತಾನೆ. ನಾರು ಸುತ್ತಿ, ತಂತಿ ಬಿಗಿದು, ಬೆರಳು ದಪ್ಪದ ಕೊಂಬೆಯನ್ನ ಹಗ್ಗದ ತರ ಮಡಚ್ತಾನೆ. ಸತ್ತ ಭಾಗಕ್ಕೆ ಸುಣ್ಣ-ಗಂಧಕದ ದ್ರಾವಣ ಬಳಿದರೆ ಮೂಳೆ ತರ ಬೆಳ್ಳಗಾಗುತ್ತೆ. ದ್ರಾಕ್ಷಿ ತೋಟದವರಿಗೆ ಗೊತ್ತಿರುತ್ತೆ, ಬೂದಿರೋಗಕ್ಕೆ ಹೊಡೆಯೋ ಅದೇ ದ್ರಾವಣ. ಹತ್ತು ನಿಮಿಷದಲ್ಲಿ ನೂರು ವರ್ಷದ ಮರ ರೆಡಿ. ನೋಡೋಕೆ ಬಹಳ ಚೆನ್ನಾಗಿರುತ್ತೆ, ಸುಳ್ಳು ಹೇಳಲ್ಲ.

ಆದ್ರೆ ಆ ಮರ ಮೇಜಿನ ಮೇಲೆ ಬರೋಕೆ ಮುಂಚೆ ಏನಾಗಿತ್ತು ಅನ್ನೋದು ವಿಡಿಯೋದಲ್ಲಿ ಇರಲ್ಲ. ಬೆಟ್ಟದಿಂದ ತಂದ ಜೂನಿಪರ್‌ಗೆ ತಿಳಿದವರು ಎರಡು ಮೂರು ವರ್ಷ ಕತ್ತರಿಯನ್ನೇ ತಾಗಿಸಲ್ಲ. ಬೇರಿಗೆ ಅಂಟಿದ ಹಳೇ ಮಣ್ಣನ್ನ ಒಂದೇ ಸಲ ತೊಳೆಯಲ್ಲ. ಬೇರು ಮುಟ್ಟಿದ ವರ್ಷ ಸೊಪ್ಪು ಮುಟ್ಟಲ್ಲ, ಸೊಪ್ಪು ಮುಟ್ಟಿದ ವರ್ಷ ಬೇರು ಮುಟ್ಟಲ್ಲ. ಯಾಕಂದ್ರೆ ಆ ಮರದ ಶಕ್ತಿ ಸೊಪ್ಪಿನಲ್ಲಿದೆ. ಹಸಿರು ಪೂರ್ತಿ ಸವರಿದ ಕೊಂಬೆ ಮತ್ತೆ ಚಿಗುರಲ್ಲ, ಸತ್ತೇ ಹೋಗುತ್ತೆ. ಇನ್ನೊಂದು, ಅದರಲ್ಲಿ ಯಾವ ಬೇರು ಯಾವ ಕೊಂಬೆಗೆ ನೀರು ಕೊಡುತ್ತೋ ಆ ಸಂಬಂಧ ನೇರ. ಈ ಕಡೆ ಬೇರು ಕಡಿದರೆ ಅದೇ ಕಡೆ ಕೊಂಬೆ ಒಣಗುತ್ತೆ. ಎಲ್ಲಿ ಜೀವ ಹರೀತಿದೆ, ಎಲ್ಲಿ ಇಲ್ಲ ಅಂತ ಕೈಯಾಡಿಸಿ ನೋಡಿಕೊಂಡೇ ಉಳಿ ಹಾಕ್ತಾರೆ. ಸತ್ತ ಭಾಗ ಉಳಿಯೋಕೂ ಕಾರಣ ಇದೆ, ಅದರ ಮರದಲ್ಲಿ ಎಣ್ಣೆ, ರಾಳ ಜಾಸ್ತಿ, ಬೇಗ ಕೊಳೆಯಲ್ಲ.

ಈ ಪಾಠ ತಂದು ನಮ್ಮ ಬಸರಿಗೆ ಹೇಳಿದರೆ ಏನಾಗುತ್ತೆ? ಬಸರಿ, ಗೋಣಿ, ಅತ್ತಿ, ಆಲ ಎಲ್ಲಾ ಹಾಲು ಬರೋ ಮೆದು ಮರ. ಸಿಪ್ಪೆ ಸುಲಿದು ಬಿಟ್ಟ ಜಾಗ ಒಂದು ಮಳೆಗಾಲ ನೆನೆದರೆ ಕಪ್ಪಾಗುತ್ತೆ, ಎರಡನೇ ಮಳೆಗಾಲಕ್ಕೆ ಅಣಬೆ ಏಳುತ್ತೆ, ಆಮೇಲೆ ಗೆದ್ದಲು. ಗಂಧಕ ಎಷ್ಟು ಬಳಿದರೂ ಅಷ್ಟೇ. ಸಿಟಿಯಲ್ಲಿ ಒಬ್ಬರ ಮನೆಯಲ್ಲಿ ನೋಡಿದೆ, ಗೋಣಿ ಮರಕ್ಕೆ ಬೆಳ್ಳಗೆ ಬಣ್ಣ ಹೊಡೆದು ಜೂನಿಪರ್ ವೇಷ ಹಾಕಿಸಿದ್ದರು, ಬೆರಳಿಟ್ಟರೆ ಒಳಗೆ ಹೋಗೋ ಹಾಗಿತ್ತು. ಗೋಣಿಯ ಚೆಂದ ಅದಲ್ಲ. ಅದರ ಚೆಂದ ಬುಡ. ಬೇರು ಕಲ್ಲಿನ ಮೇಲೆ ಹರಿದಿರೋ ರೀತಿ, ಗಾಯ ಮುಚ್ಚಿಕೊಂಡು ದಪ್ಪ ತುಟಿ ಕಟ್ಟೋ ರೀತಿ, ಬಿಟ್ಟರೆ ಇಳಿಯೋ ಬಿಳಲು. ಜೂನಿಪರ್‌ಗೆ ಇಲ್ಲದ ಒಂದು ವರ ಬೇರೆ ಇದೆ, ಎಲೆ ಒಂದೂ ಇಲ್ಲದ ಹಾಗೆ ಬೋಳು ಬುಡ ಉಳಿಸಿದರೂ ಚಿಗುರುತ್ತೆ. ತಂತಿ ವಿಚಾರನೂ ಅಷ್ಟೆ. ಜೂನಿಪರ್‌ಗೆ ಕಟ್ಟಿದ ತಂತಿ ವರ್ಷಗಟ್ಟಲೆ ಇರಬಹುದು. ಬಸರಿಗೆ ಮಳೆಗಾಲದಲ್ಲಿ ಕಟ್ಟಿ ಮರೆತರೆ ಕೆಲವೇ ವಾರದಲ್ಲಿ ತೊಗಟೆ ಒಳಕ್ಕೆ ಇಳಿದು ಹೋಗಿರುತ್ತೆ, ಆ ಗುರುತು ವರ್ಷಾನುಗಟ್ಟಲೆ ಹೋಗಲ್ಲ.

ಹುಣಸೆ ಇನ್ನೂ ಬೇರೆ. ಅದರ ಚೇಗು ಕಲ್ಲು, ಮಾಂಸದ ಅಂಗಡಿ ಕೊರಡು ಅದರಿಂದಲೇ ಮಾಡೋದು. ವಯಸ್ಸಾದ ಹುಣಸೆ ಬೆಳ್ಳಗಾಗಲ್ಲ, ಪೊಟರೆ ಬೀಳುತ್ತೆ. ಊರ ಮುಂದಿನ ಹಳೇ ಹುಣಸೆ ನೋಡಿ, ಒಳಗೆ ಒಬ್ಬ ಹುಡುಗ ಬಚ್ಚಿಟ್ಟುಕೊಳ್ಳಬಹುದು, ಮೇಲೆ ಮಾತ್ರ ಕಾಯಿ ತುಂಬಿರುತ್ತೆ. ಕುಂಡದ ಹುಣಸೆಗೆ ವಯಸ್ಸು ತೋರಿಸಬೇಕು ಅಂದ್ರೆ ಆ ಪೊಟರೆ ಇರಬೇಕು, ಬಿಳೀ ಕಡ್ಡಿ ಅಲ್ಲ. ಬಲಿತ ಕೊಂಬೆ ಬಗ್ಗಿಸೋಕೆ ಹೋದರೆ ಪಟ್ಟನೆ ಮುರಿಯುತ್ತೆ. ಎಳೇ ಚಿಗುರು ಇದ್ದಾಗಲೇ ದಿಕ್ಕು ತೋರಿಸಬೇಕು, ಉಳಿದಿದ್ದು ಕತ್ತರಿ ಕೆಲಸ.

ಕತ್ತರಿ ಕೆಲಸ ಅಂದ್ರೆ ಏನು, ಮೇಕೆ ಕೆಲಸ ತಾನೇ. ಮೇಕೆ ತುದಿ ಕಡಿಯುತ್ತೆ, ಕೆಳಗಿಂದ ಎರಡು ಚಿಗುರು ಒಡೆಯುತ್ತೆ, ಅದನ್ನೂ ಕಡಿಯುತ್ತೆ, ನಾಲ್ಕಾಗುತ್ತೆ. ಹತ್ತು ಹದಿನೈದು ವರ್ಷ ಹೀಗೆ ನಡೆದರೆ ಬುಡ ದಪ್ಪ, ಮೇಲೆ ಬಾಚಣಿಗೆ ತರ ಸಣ್ಣ ಕಡ್ಡಿ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆ ಲಿಂಗ್ನಾನ್ ಪದ್ಧತಿ ಅಂತಲೇ ಒಂದಿದೆ. ಅಲ್ಲಿಯ ಹವೆ ಬಿಸಿ, ಮರಗಳೂ ಬೇಗ ಚಿಗುರೋ ಜಾತಿ. ಅವರು ತಂತಿ ಹೆಚ್ಚು ನಂಬಲ್ಲ, ಬೆಳೆಯೋಕೆ ಬಿಡೋದು, ಕತ್ತರಿಸೋದು, ಮತ್ತೆ ಬಿಡೋದು. ನಮ್ಮ ಮರಗಳಿಗೆ ಆ ಪಾಠವೇ ಸರಿ. ಜಪಾನಿನ ಬಂಡೆ ಮರದ ವಿಡಿಯೋ ನೋಡಿ ಕೈ ಹಾಕೋ ಬದಲು ನಮ್ಮ ಮೇಕೆ ಹಿಂದೆ ಒಂದು ವರ್ಷ ಓಡಾಡಿದರೆ ಹೆಚ್ಚು ಕಲೀಬಹುದು. ತಮಾಷೆಗೆ ಹೇಳ್ತಿಲ್ಲ.

ಗಾಡಿಯವರು ಮಾಡೋದು ಹೇಗಿದೆ ನೋಡಿ. ಬೇಸಿಗೆ ನೆತ್ತಿ ಬಿಸಿಲಲ್ಲಿ ಹಾರೆ ಹಾಕಿ ತಾಯಿಬೇರು ಮುರಿದು ಎಬ್ಬಿಸ್ತಾರೆ. ಬೇರಿಗೆ ಒದ್ದೆ ಗೋಣಿಚೀಲನೂ ಸುತ್ತಲ್ಲ. ಅದೇ ವಾರ ಕುಂಡಕ್ಕೆ ಹಾಕಿ, ತಂತಿ ಕಟ್ಟಿ, ಫೋಟೋ ತೆಗೆದು ಮಾರಾಟಕ್ಕೆ ಇಡ್ತಾರೆ. ಬುಡದಲ್ಲಿ ಉಳಿದಿರೋ ರಸಕ್ಕೆ ನಾಲ್ಕು ಚಿಗುರು ಬರುತ್ತೆ, ಕೊಂಡವರು ಬದುಕಿತು ಅಂದುಕೊಳ್ತಾರೆ. ಹೊಸ ಬೇರೇ ಇಲ್ಲದ ಚಿಗುರು ಎಷ್ಟು ದಿನ ನಿಲ್ಲುತ್ತೆ? ಕಬ್ಬಿನ ತುಂಡು ನೆರಳಲ್ಲಿ ಮೊಳಕೆ ಒಡೆದು ಒಣಗಲ್ವಾ, ಹಾಗೆ. ಮೂವತ್ತು ವರ್ಷದ ಮರ ಸತ್ತಿದ್ದಕ್ಕೆ ಕೊಂಡವರು ತಮ್ಮ ಕೈಗುಣ ಸರಿ ಇಲ್ಲ ಅಂತ ಸುಮ್ಮನಾಗ್ತಾರೆ, ಗಾಡಿ ಮತ್ತೆ ನಮ್ಮೂರಿಗೆ ಬರುತ್ತೆ.

ನಮಗೇನು ನಷ್ಟ ಅಂತೀರಾ? ಪಕ್ಕದ ಹೊಲದವರು ಹೋದ ವರ್ಷ ಒಂದು ಹುಣಸೆ ಕೊಟ್ಟರು, 800 ರೂಪಾಯಿಗೆ. ಬದುವಿನ ನಡುವೆ ಎರಡಡಿ ಗುಂಡಿ ಆಯ್ತು, ಮೇಲೆ ನಾಲ್ಕು ಗುದ್ದಲಿ ಸಡಿಲ ಮಣ್ಣು ಎಳೆದು ಹೋದರು. ಮೊದಲ ಜೋರು ಮಳೆಗೆ ನೀರು ಅಲ್ಲೇ ದಾರಿ ಮಾಡಿಕೊಂಡು ಬದು ಒಡೀತು, ಕಡ್ಲೆಕಾಯಿ ಬಿತ್ತಿದ್ದ ಮೇಲ್ಮಣ್ಣು ಹಳ್ಳಕ್ಕೆ ಹೋಯ್ತು. ಬದು ಕಟ್ಟಿಸೋಕೆ ಇಬ್ಬರು ಆಳಿನ ಎರಡು ದಿನದ ಕೂಲಿ. ಲೆಕ್ಕ ನೀವೇ ಹಾಕಿ. ಕುಂಟು ಮರ ಅಂತೀವಲ್ಲ, ಮೇಲೆ ಬೆಳೆಯೋಕೆ ಬಿಡದೇ ಇರೋದಕ್ಕೆ ಅದು ಕೆಳಗೆ ಬೆಳೆದಿರುತ್ತೆ.

ಗೋಮಾಳ, ಬೆಟ್ಟದ ಮರ ಆದ್ರೆ ಇನ್ನೊಂದು ತಾಪತ್ರಯ. ಮೀಸಲು ಅರಣ್ಯದಿಂದ ಗಿಡ ಮರ ಕಿತ್ತು ಸಾಗಿಸೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಗಾಡಿಯವನು ಗೇರು ಹಾಕಿ ಹೋಗ್ತಾನೆ, ಹಾರೆ ಹಿಡಿದ ನಮ್ಮೂರ ಹುಡುಗ ಸಿಕ್ಕಿಬೀಳ್ತಾನೆ. ಮನೆಯಲ್ಲಿ ಹುಡುಗರಿಗೆ ಹೇಳಿ.

ಹಾಗಾದ್ರೆ ಕೀಳಲೇಬಾರದಾ? ಕೀಳಬಹುದು, ಹೇಗೂ ಸಾಯೋ ಮರವನ್ನ. ರಸ್ತೆ ಅಗಲ ಮಾಡೋಕೆ ಜೆಸಿಬಿ ಬರೋ ಜಾಗ, ಮುಚ್ಚಿಸೋ ಬಾವಿ, ಬೀಳಿಸೋ ಹಳೇ ಮನೆ ಗೋಡೆ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಗೋಣಿ, ಅರಳಿ, ಬಸರಿ ಅಲ್ಲಿ ಎಷ್ಟು ಬೇಕಾದರೂ ಇವೆ. ಬೇರು ಕಲ್ಲು ಸಂದಿಯಲ್ಲಿ ಚಪ್ಪಟೆಯಾಗಿ ಹರಿದಿರುತ್ತೆ, ಕುಂಡಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ. ಬೇಸಿಗೆ ಬೇಡ, ರೋಹಿಣಿ ಇಲ್ಲಾ ಮೃಗಶಿರಾ ಮಳೆ ಬಿದ್ದು ಗಾಳಿ ತಂಪಾದ ಮೇಲೆ. ಮೊದಲು ಮೇಲಿನ ಕೊಂಬೆ ಸವರಿ ಬುಡದಿಂದ ಒಂದು ಮೊಳ ಉಳಿಸಿ. ಕಲ್ಲನ್ನ ಮೀಟಬೇಕೇ ಹೊರತು ಬೇರನ್ನ ಎಳೀಬಾರದು. ದಪ್ಪ ಬೇರನ್ನ ಗರಗಸದಲ್ಲಿ ನುಣ್ಣಗೆ ಕೊಯ್ಯಿರಿ, ಮಚ್ಚಿನಲ್ಲಿ ಸಿಗಿಯಬೇಡಿ. ಮೇಲಿನ ಗಾಯಕ್ಕೆ ಬೋರ್ಡೋ ಮುಲಾಮು. ಮಣ್ಣಿಗೆ ಜರಡಿ ಹಿಡಿದ ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಕೆರೆಗೋಡು ಹಾಕಬೇಡಿ, ನೀರು ನಿಂತು ಬೇರು ಕೊಳೆಯುತ್ತೆ. ಮರ ಅಲ್ಲಾಡದ ಹಾಗೆ ಕುಂಡಕ್ಕೆ ಬಿಗಿದು ಕಟ್ಟಿ, ಅಲ್ಲಾಡಿದರೆ ಹೊಸ ಎಳೇ ಬೇರು ಹರಿಯುತ್ತೆ. ನೆರಳು ಬಲೆ ಕೆಳಗೆ ಇಟ್ಟು ಒಂದು ವರ್ಷ ಸುಮ್ಮನೆ ಬಿಡಿ. ಬುಡದ ಯಾವ ಮುಖ ಮುಂದೆ ಬರಬೇಕು, ಯಾವ ಚಿಗುರು ಕೊಂಬೆ ಆಗಬೇಕು ಅನ್ನೋದೆಲ್ಲ ಆಮೇಲೆ.

ಸ್ವಂತ ಬದುವಿನ ಹುಣಸೆಯನ್ನೇ ಬೇರೆ ಕಾರಣಕ್ಕೆ ತೆಗೀಬೇಕಾಗಿ ಬಂದರೆ ಈ ಮುಂಗಾರಿನಲ್ಲಿ ಅರ್ಧ ಸುತ್ತು ಕಂದಕ ತೋಡಿ ಬೇರು ಕೊಯ್ದು ಮಣ್ಣು, ಗೊಬ್ಬರ ತುಂಬಿ, ಮುಂದಿನ ಮುಂಗಾರಿಗೆ ಇನ್ನರ್ಧ, ಮೂರನೇ ವರ್ಷ ಎಬ್ಬಿಸೋದು. ಅಷ್ಟು ದಿನ ಯಾವ ಗಾಡಿಯವನೂ ಕಾಯಲ್ಲ, ನೀವು ಕಾಯಬಹುದು.

ದುಡ್ಡೇ ಬೇಕು ಅನ್ನೋರಿಗೆ ಅದಕ್ಕಿಂತ ಒಳ್ಳೇ ದಾರಿ ಗೂಟಿ. ದಾಳಿಂಬೆಗೆ, ನಿಂಬೆಗೆ ಕಟ್ಟಿ ನಮಗೆ ಅಭ್ಯಾಸ ಇದೆ. ದೊಡ್ಡ ಬಸರಿ ಮರದಲ್ಲಿ ಒಳ್ಳೇ ಡೊಂಕು ಇರೋ, ಹಾರೆ ಹಿಡಿ ಗಾತ್ರದ ಕೊಂಬೆ ನೋಡಿ, ಎರಡು ಬೆರಳಗಲ ಸಿಪ್ಪೆ ಉಂಗುರದ ತರ ತೆಗೆದು, ಲೋಳೆ ಹೆರೆದು, ಹಿಂಡಿದ ತೆಂಗಿನ ನಾರಿನ ಪುಡಿ ಕಟ್ಟಿ ಪ್ಲಾಸ್ಟಿಕ್ ಸುತ್ತಿ. ಮಳೆಗಾಲದಲ್ಲಿ ಒಂದೂವರೆ ಎರಡು ತಿಂಗಳಿಗೆ ಬೇರು ಕಾಣುತ್ತೆ. ಮರ ಅಲ್ಲೇ ಇರುತ್ತೆ, ವರ್ಷ ವರ್ಷ ಗೂಟಿ ಕೊಡುತ್ತೆ. ಹುಣಸೆಗೆ ಗೂಟಿ ಅಷ್ಟು ಸುಲಭ ಅಲ್ಲ, ಆದರೆ ಬೀಜಕ್ಕೇನು ಬರ, ಕಾಯಿ ಬಡಿದ ಮೇಲೆ ಪ್ರತಿ ಮನೆ ಹಿತ್ತಲಲ್ಲೂ ರಾಶಿ ಬಿದ್ದಿರುತ್ತೆ. ಹೀಗೆ ಬೆಳೆಸಿದ್ದು ಹೇಗಿರುತ್ತೆ ಅಂತ ನೋಡಬೇಕಾದ್ರೆ ಮೈಸೂರಿಗೆ ಹೋದಾಗ ಊಟಿ ರಸ್ತೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಬೋನ್ಸಾಯ್ ತೋಟ ನೋಡಿ ಬನ್ನಿ.

ನಮ್ಮೂರ ಕೆಳಗೇರಿ ಪಾಳು ಬಾವಿ ಈ ವರ್ಷ ಮುಚ್ಚಿಸ್ತಾರೆ. ಅದರ ಕಲ್ಲಲ್ಲಿ ಎರಡು ಗೋಣಿ, ಒಂದು ಬಸರಿ ಇವೆ, ತೆಗೆಯೋಕೆ ಪಂಚಾಯ್ತಿಯಲ್ಲಿ ಕೇಳಿ ಒಪ್ಪಿಸಿದೀನಿ. ಮೃಗಶಿರಾ ಮಳೆ ಹಿಡಿದ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಇಳೀತೀವಿ. ಹಗ್ಗ, ಹಾರೆ ನನ್ನ ಹತ್ರ ಇದೆ. ಸಣ್ಣ ಹಲ್ಲಿನ ಗರಗಸ ಇರೋರು ತನ್ನಿ.