ಬಾಕಿ ಯಾರದು?

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ತಂದೆ ಮತ್ತು ಮಗಳು ಬಂದಿದ್ದರು. ತಂದೆ ಈ ಊರಿನ ಕೃಷಿ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಹಮಾಲಿ ಕೆಲಸ ಮಾಡಿದವರು. ಬೆನ್ನಿಗೆ ಪೆಟ್ಟಾಗಿ ಮೂಟೆ ಹೊರಲಾರದೆ, ಹೆಂಡತಿಯ ತವರಾದ ಪಕ್ಕದ ಜಿಲ್ಲೆಗೆ ಸಂಸಾರ ಸಾಗಿಸಿದ್ದಾರೆ. ಮಗಳು ಇಲ್ಲಿಯ ಸರಕಾರಿ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಓದಿದ್ದಾಳೆ. ಎರಡನೆಯ ವರ್ಷವನ್ನು ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಓದಲು ಅರ್ಜಿ ಹಾಕಿದ್ದಳು. ಬಂದ ಉತ್ತರ ಒಂದೇ ಸಾಲಿನದು: ಮೊದಲ ವರ್ಷದ ಪಠ್ಯಕ್ರಮ ಪೂರ್ಣಗೊಂಡಿಲ್ಲವಾದ್ದರಿಂದ ಅರ್ಜಿ ತಿರಸ್ಕೃತ.

ಯಾವ ಪಠ್ಯ ಪೂರ್ಣಗೊಂಡಿಲ್ಲ? ಮೂರು ಬಾರಿ ಅಲೆದ ಮೇಲೆ ತಿಳಿದದ್ದು ಇಷ್ಟು. ಒಂದನೆಯದಾಗಿ, ಆ ವಿಶ್ವವಿದ್ಯಾಲಯ ಮೊದಲ ವರ್ಷದಲ್ಲಿ ಕಲಿಸುವ ಒಂದು ವಿಷಯವನ್ನು ಈ ವಿಶ್ವವಿದ್ಯಾಲಯ ಎರಡನೆಯ ವರ್ಷಕ್ಕೆ ಇಟ್ಟುಕೊಂಡಿದೆ. ಎರಡನೆಯದಾಗಿ, ಇನ್ನೊಂದು ವಿಷಯದಲ್ಲಿ ಆಕೆಯ ಆಂತರಿಕ ಅಂಕಗಳು ಬಂದಿಲ್ಲ. ಏಕೆ ಬಂದಿಲ್ಲ? ಆ ವಿಷಯಕ್ಕೆ ಅತಿಥಿ ಉಪನ್ಯಾಸಕರು ನೇಮಕವಾದದ್ದೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ. ಕಿರುಪರೀಕ್ಷೆ ನಡೆಯಲೇ ಇಲ್ಲ.

ತಂದೆ ನಮ್ಮನ್ನು ಕೇಳಿದರು: "ಸ್ವಾಮಿ, ಮಗು ಫೇಲಾಗಿಲ್ಲ. ಆದರೂ ಬಾಕಿ ಇದೆ ಅಂತಾರೆ. ಯಾರ ಬಾಕಿ ಸ್ವಾಮಿ ಅದು?"

ಈ ಪ್ರಶ್ನೆಯನ್ನು ನಾವು ಕುಲಪತಿಗಳ ಮುಂದೆಯೂ ಉನ್ನತ ಶಿಕ್ಷಣ ಸಚಿವರ ಮುಂದೆಯೂ ಇಡುತ್ತಿದ್ದೇವೆ. ಪಾಠವನ್ನೇ ಇಡದವರು ಪಾಠ ಮುಗಿಸಲಿಲ್ಲವೆಂದು ದೂರುವುದು ಯಾವ ನ್ಯಾಯ? ಉಪನ್ಯಾಸಕರನ್ನು ಕೊಡದವರು ಅಂಕವಿಲ್ಲವೆಂದು ಬಾಗಿಲು ಹಾಕುವುದು ಯಾವ ನ್ಯಾಯ? 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ, ತರಗತಿ ಬಹಿಷ್ಕರಿಸಿ ಧರಣಿ ಕುಳಿತದ್ದನ್ನು ಓದುಗರು ಮರೆತಿರಲಾರರು. ಪಾಠ ಹೇಳುವವನಿಗೆ ನೌಕರಿಯ ಖಾತರಿ ಇಲ್ಲ, ಕೇಳುವವಳಿಗೆ ಪಾಠದ ಖಾತರಿ ಇಲ್ಲ. ತಪ್ಪಿದ ಪಾಠ ಮಾತ್ರ ಹುಡುಗಿಯ ಲೆಕ್ಕಕ್ಕೆ ಬಾಕಿಯಾಗಿ ಬೀಳುತ್ತದೆ!

ಸರಕಾರಗಳು ಕೊಟ್ಟ ಮಾತನ್ನೂ ಒಮ್ಮೆ ನೆನಪು ಮಾಡಿಕೊಳ್ಳೋಣ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದನ್ನು ಆರಂಭಿಸಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಬ್ಯಾಂಕಿನಲ್ಲಿ ಹಣವಿದ್ದಂತೆ ಆತನ ಖಾತೆಯಲ್ಲಿರುತ್ತವೆ, ಏಳು ವರ್ಷದವರೆಗೆ ಬಾಳುತ್ತವೆ, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯಬಹುದು ಎಂದು ಡಂಗುರ ಸಾರಲಾಯಿತು. ಈ ಹುಡುಗಿಗೂ ಖಾತೆಯುಂಟು. ಆದರೆ ಪಕ್ಕದ ಜಿಲ್ಲೆಯಲ್ಲಿ ಆಕೆಯ ಚೆಕ್ಕು ನಡೆಯಲಿಲ್ಲ. ಯಾರನ್ನು ಸೇರಿಸಬೇಕು, ಯಾವ ವಿಷಯ ಯಾವುದಕ್ಕೆ ಸಮ ಎಂದು ತೀರ್ಮಾನಿಸುವ ಬೀಗದ ಕೈ ಇಂದಿಗೂ ಆಯಾ ವಿಶ್ವವಿದ್ಯಾಲಯದ ಸೊಂಟದಲ್ಲೇ ಇದೆ.

ನಮ್ಮ ರಾಜ್ಯದ ಕಥೆ ಇನ್ನೂ ಸೊಗಸು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಯಾವ ನೀತಿ ಒಳ್ಳೆಯದೆಂಬ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಆದರೆ ಪ್ರತಿ ಬದಲಾವಣೆಯಲ್ಲೂ ಪಠ್ಯ ಬದಲಾಯಿತು, ವಿಷಯಗಳ ಹೆಸರು ಬದಲಾಯಿತು, ಸೆಮಿಸ್ಟರ್ ಬದಲಾಯಿತು. ತಾಯಿಯ ಕಾಯಿಲೆಗೆಂದು ಒಂದು ವರ್ಷ ಓದು ನಿಲ್ಲಿಸಿ ಮರಳಿ ಬಂದವನಿಗೆ ತಾನು ಓದುತ್ತಿದ್ದ ಪಠ್ಯವೇ ಕಾಣೆ!

ಇದರ ಮೇಲೆ 2023ರಲ್ಲಿ ಹಾಸನ, ಕೊಡಗು, ಚಾಮರಾಜನಗರ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್ ಎಂದು ಏಳು ಹೊಸ ವಿಶ್ವವಿದ್ಯಾಲಯಗಳ ಉದ್ಘಾಟನೆಯಾಯಿತು. ಹಾಸನದ ಕಾಲೇಜುಗಳು ಅದಕ್ಕೆ ಮುಂಚೆ ಮೈಸೂರು ವಿಶ್ವವಿದ್ಯಾಲಯಕ್ಕೆ, ಹಾವೇರಿಯವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆಗ ಹಾಸನದಿಂದ ಮೈಸೂರಿಗೆ ಹೋಗುವುದು ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಂತೆ. ಈಗ ಅದು ವಲಸೆ: ವಲಸೆ ಪ್ರಮಾಣಪತ್ರ, ನಿರಾಕ್ಷೇಪಣಾ ಪತ್ರ, ಅರ್ಹತಾ ಶುಲ್ಕ. ಜಿಲ್ಲೆಯ ಗಡಿಯೇ ವಿದ್ಯೆಯ ಗಡಿಯಾಯಿತು. ಉನ್ನತ ಶಿಕ್ಷಣವನ್ನು ಬಡವರ ಹೊಸ್ತಿಲಿಗೆ ತರುತ್ತೇವೆಂದವರು ಹೊಸ್ತಿಲ ಮೇಲೆ ಸುಂಕದ ಕಟ್ಟೆ ಕಟ್ಟಿದ್ದಾರೆ.

"ಹಾಗಾದರೆ ನಿಯಮವೇ ಬೇಡವೇ? ಓದದವರಿಗೂ ಪದವಿ ಹಂಚಬೇಕೇ?" ಎಂದು ಕೇಳುವ ವಿದ್ವಾಂಸರಿದ್ದಾರೆ. ನಾವು ಹಾಗೆ ಹೇಳುತ್ತಿಲ್ಲ. ಪದವಿಗೆ ಬೇಕಾದ ಪ್ರತಿಯೊಂದು ವಿಷಯವನ್ನೂ ಆ ಹುಡುಗಿ ಓದಲಿ, ಪರೀಕ್ಷೆ ಬರೆಯಲಿ, ಪಾಸಾಗಲಿ. ಬಡವರ ಮಕ್ಕಳಿಗೆ ಅರೆಬರೆ ವಿದ್ಯೆ ಸಾಕೆನ್ನುವವರು ನಾವಲ್ಲ. ನಮ್ಮ ತಕರಾರು ಇಷ್ಟೆ: ಅದನ್ನು ಒಳಗೆ ಕೂತು ಓದಲು ಬಿಡಿ. ಅದೇ ವಿಶ್ವವಿದ್ಯಾಲಯದ ಸ್ವಂತ ವಿದ್ಯಾರ್ಥಿ ಎರಡು ವಿಷಯದಲ್ಲಿ ಫೇಲಾದರೂ ಬಿ.ಎ. ಎರಡನೆಯ ವರ್ಷದಲ್ಲಿ ಕೂರುತ್ತಾನೆ. ಉಳಿದ ವಿಷಯವನ್ನು ಮುಂದೆ ಬರೆದುಕೊಳ್ಳುತ್ತಾನೆ. ಅದು ಸರಿಯೇ. ಆದರೆ ಫೇಲೇ ಆಗದ ಹುಡುಗಿ ಊರು ಬದಲಿಸಿದ ಮಾತ್ರಕ್ಕೆ ಹೊರಗೆ ನಿಲ್ಲಬೇಕು. ಇದಕ್ಕೆ ವಿದ್ಯೆಯ ಗುಣಮಟ್ಟ ಎಂದು ಹೆಸರಿಡಬೇಡಿ.

ಒಂದು ವರ್ಷ ಹೋದರೆ ಏನು ಮಹಾ ಎನ್ನುವವರಿಗೆ ಆ ವರ್ಷದ ಬೆಲೆ ಗೊತ್ತಿಲ್ಲ. ಉಳ್ಳವರ ಮಗನಿಗೆ ಅದು ಒಂದು ವರ್ಷ ಮಾತ್ರ. ಅಪ್ಪ ಹಣ ಕಟ್ಟಿ ಖಾಸಗಿ ಕಾಲೇಜಿನಲ್ಲಿ ಹೊಸದಾಗಿ ಸೇರಿಸುತ್ತಾನೆ. ಹಮಾಲಿಯ ಮಗಳು ಒಂದು ವರ್ಷ ಮನೆಯಲ್ಲಿ ಕೂತರೆ ಮದುವೆಯ ಮಾತು ಬರುತ್ತದೆ, ಇಲ್ಲವೇ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಕರೆ ಬರುತ್ತದೆ. ಮರಳಿ ಕಾಲೇಜಿಗೆ ಬರುವವರು ಎಷ್ಟು ಮಂದಿ? ಒಂದು ಸಾಲಿನ ಆ ಪತ್ರಕ್ಕೆ ಸಹಿ ಹಾಕಿದ ಅಧಿಕಾರಿ ಇದನ್ನು ಯೋಚಿಸಿರಲಾರರು.

ಇಂಥ ಪತ್ರ ಕೈಗೆ ಬಂದ ವಿದ್ಯಾರ್ಥಿಗಳಿಗೆ ನಮ್ಮದೊಂದು ಮಾತು. ನಾಚಿಕೆಪಡಬೇಡಿ, ಇದು ನಿಮ್ಮ ಸೋಲಲ್ಲ. ಹಳೆಯ ಕಾಲೇಜಿನ ದಾಖಲಾತಿಯನ್ನು ಅವಸರದಲ್ಲಿ ರದ್ದು ಮಾಡಿಸಬೇಡಿ. ಎರಡೂ ಕಡೆ ಇಲ್ಲದವರಾಗುತ್ತೀರಿ. ಯಾವ ವಿಷಯ, ಯಾವ ನಿಯಮ ಎಂಬುದನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಕೊಡಲೇಬೇಕು, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಯು.ಜಿ.ಸಿ.ಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ತೀರ್ಮಾನ ಕೈಸೇರಿದ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಈ ಹುಡುಗಿಯ ಅರ್ಜಿ ನಮ್ಮ ಕಚೇರಿಯ ಮೇಜಿನ ಮೇಲೆಯೇ ತಯಾರಾಗಿ ಹೋಗಿದೆ.

ಆದರೆ ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯುವುದೇ ಪರಿಹಾರವಲ್ಲ. ಆಕೆಗೆ ಬಸ್ಸು ಪುಕ್ಕಟೆ ಇರಬಹುದು. ಜೊತೆಗೆ ಬರುವ ತಂದೆಗೆ ಟಿಕೆಟ್ಟೂ ಉಂಟು, ಕೂಲಿ ನಷ್ಟವೂ ಉಂಟು. ಆದ್ದರಿಂದ ನಾವು ಒತ್ತಾಯಿಸುವುದೇನೆಂದರೆ: ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳ ಯಾವ ವಿಷಯ ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಕನ್ನಡದಲ್ಲಿ ಪ್ರಕಟಿಸಲಿ. ಒಂದೆರಡು ವಿಷಯ ಉಳಿದವರಿಗೆ, ಅವನ್ನು ಒಂದು ವರ್ಷದೊಳಗೆ ಮುಗಿಸುವ ಷರತ್ತಿನ ಮೇಲೆ ಪ್ರವೇಶ ಕೊಡಲಿ. ಪಾಠವೇ ನಡೆಯದ ವಿಷಯಕ್ಕೆ ಕಾಲೇಜೇ ಪಾಠ ನಡೆಸಿ, ವಿಶೇಷ ಪರೀಕ್ಷೆ ಮಾಡಲಿ. ತಿರಸ್ಕಾರದ ಪ್ರತಿ ಪತ್ರದಲ್ಲೂ ಕಾರಣ ಮತ್ತು ನಿಯಮದ ಸಂಖ್ಯೆ ಇರಲಿ.

ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಮನಸ್ಸಿದ್ದರೆ ಸಿಂಡಿಕೇಟಿನ ಒಂದೆರಡು ಸಭೆ ಸಾಕು. ಮುಂದಿನ ಸೆಮಿಸ್ಟರ್ ಆರಂಭವಾಗುವ ಮುಂಚೆ ಇದಾಗದಿದ್ದರೆ, ಇಂಥ ಪತ್ರ ಪಡೆದ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಯರನ್ನೂ ಕರೆದುಕೊಂಡು ನಾವೇ ಕುಲಸಚಿವರ ಕಚೇರಿಗೆ ಹೋಗಲಿದ್ದೇವೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ನಮಗೆ ತಿಳಿಸಿ. ಬಾಕಿ ಯಾರದೆಂಬುದನ್ನು ಅಲ್ಲಿಯೇ ಲೆಕ್ಕ ಹಾಕೋಣ.