ದಪ್ಪ ತಂತಿಯ ಮಾತು



"ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕೇ ಅಂತೆ. ನಲವತ್ತರ ಮೇಲೆ ಕಲಿಯೋರಿಗೆ ಅದೇ ವಾಸಿ ಅಲ್ವೇ?" ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ತಂತಿ ನಾಲ್ಕೇ ಎನ್ನುವುದೇನೋ ನಿಜ. ಆದರೆ ಲಟ್ಟಣಿಗೆ ಒಂದೇ ಇದೆಯೆಂದು ಚಪಾತಿ ಸುಲಭವಾಗಿಬಿಟ್ಟಿತೇ? ದಿನಕ್ಕೆ ಅರ್ಧ ಗಂಟೆ ಕೂತರೆ ಕೈ ಪಳಗೀತು ಅನ್ನಿ. ಈ ವಾದ್ಯವನ್ನು ಆಂಪ್ಲಿಫೈಯರಿಗೆ ಹಾಕದೆ ನುಡಿಸಿದರೆ ಪಕ್ಕದ ಕೋಣೆಯಲ್ಲಿ ಮಲಗಿದ ಅತ್ತೆಯವರಿಗೂ ಎಚ್ಚರವಾಗುವುದಿಲ್ಲ, ಅದೊಂದು ದೊಡ್ಡ ಅನುಕೂಲ. ಆದರೆ ಗಣೇಶೋತ್ಸವಕ್ಕೋ ರಾಜ್ಯೋತ್ಸವದ ರಸಮಂಜರಿಗೋ ಹೋಗಿ ನಾಲ್ಕು ಜನರ ಮುಂದೆ ನುಡಿಸುವುದಿದೆಯಲ್ಲ, ಅದು ಬೇರೆಯೇ ಸಂಸಾರ. ಈ ಸಲ ಆ ಮಾತು.

ಮೊದಲು ಬೇಸ್ ಅಂದರೆ ಏನು ಎಂದು ಎರಡು ಮಾತು ಹೇಳಿಬಿಡುತ್ತೇನೆ. ಮಾಮೂಲಿ ಗಿಟಾರಿನ ನಾಲ್ಕು ದಪ್ಪ ತಂತಿಗಳ ಸ್ವರ ಯಾವುದೋ ಅದನ್ನೇ ಒಂದು ಸ್ಥಾಯಿ ಕೆಳಗಿಳಿಸಿದರೆ ಬೇಸ್. ಎಲ್ಲಕ್ಕಿಂತ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಮಾಷೆಯೆಂದರೆ ಈ ತಂತಿ ಕೈಗೆ ಮೇಲುಗಡೆ, ಸ್ವರಕ್ಕೆ ಮಾತ್ರ ಕೆಳಗಡೆ. ಇಷ್ಟು ತಗ್ಗಿನ ಸ್ವರ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಸರಿಯಾಗಿ ಬರುವುದಿಲ್ಲ. ಆದ್ದರಿಂದ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳನ್ನು ಮತ್ತೊಮ್ಮೆ ಕೇಳಿ. ಎರಡಕ್ಕೂ ಸಂಗೀತ ಇಳಯರಾಜಾ ಅವರದು. ಇಷ್ಟು ವರ್ಷ ಗುನುಗಿದ ಹಾಡಿನ ಕೆಳಗೆ ಇನ್ನೊಂದು ಹಾಡು ತನ್ನ ಪಾಡಿಗೆ ತಾನು ನಡೆದು ಹೋಗುತ್ತಿತ್ತಲ್ಲ ಎಂದು ಬೆರಗಾಗುತ್ತೀರಿ.

"ಅದು ಗಂಡಸರ ವಾದ್ಯ" ಎನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಅಮೆರಿಕದ ಕ್ಯಾರಲ್ ಕೇ ಮೊದಲು ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್‌ನವರು ಬರದೇಹೋದಾಗ ಆ ವಾದ್ಯವನ್ನು ಕೈಗೆತ್ತಿಕೊಂಡರು. ಆಮೇಲೆ ಸಾವಿರಾರು ಧ್ವನಿಮುದ್ರಣಗಳಲ್ಲಿ ನುಡಿಸಿದರು. ನಮ್ಮಲ್ಲಿ ಮುಂಬಯಿಯ ಮೋಹಿನಿ ಡೇ ತಂದೆಯ ಹತ್ತಿರವೇ ಬೇಸ್ ಕಲಿತು, ಎ. ಆರ್. ರೆಹಮಾನ್ ಅವರ ಜೊತೆ ನುಡಿಸಿದ ಹುಡುಗಿ. ಕೈ ಚಿಕ್ಕದು ಎನ್ನುವ ಅಳುಕಿದ್ದರೆ ಅಂಗಡಿಯಲ್ಲಿ 'ಶಾರ್ಟ್ ಸ್ಕೇಲ್' ಎಂದು ಕೇಳಿ. ಮಾಮೂಲಿಯದರಲ್ಲಿ ತಂತಿಯ ಅಳತೆ 34 ಅಂಗುಲ, ಇದರಲ್ಲಿ 30. ಆ ನಾಲ್ಕು ಅಂಗುಲದಿಂದ ಬೆರಳಿಗೆ ಎಷ್ಟು ನೆಮ್ಮದಿಯೋ!

ಇನ್ನು ಉಡುಗೆ. ಇದನ್ನು ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ, ಯಾಕೆಂದರೆ ಅವರು ಸೀರೆ ಉಟ್ಟು ನುಡಿಸಿದವರಲ್ಲ. ವಾದ್ಯದ ಪಟ್ಟಿ ಬರುವುದು ಎಡ ಹೆಗಲಿಗೆ, ಸೆರಗು ಇರುವುದೂ ಅಲ್ಲೇ. ಪಿನ್ನು ಪಟ್ಟಿಯ ಅಡಿಗೆ ಸಿಕ್ಕಿದರೆ ಎರಡು ಗಂಟೆ ಚುಚ್ಚುತ್ತಲೇ ಇರುತ್ತದೆ. ಸೆರಗನ್ನು ನೆರಿಗೆ ಮಾಡಿ, ಪಿನ್ನನ್ನು ಬೆನ್ನ ಕಡೆಗೆ ಇಳಿಸಿ ಹಾಕಿಕೊಳ್ಳಿ. ಪಟ್ಟಿ ಮೂರು ಅಂಗುಲವಾದರೂ ಅಗಲವಿರಲಿ, ನಾಲ್ಕು ಕಿಲೋ ತೂಕ ಹೊರುವುದು ಆ ಹೆಗಲೇ ತಾನೇ. ಜರಿ ಸೀರೆ ಬೇಡ, ಕಾಟನ್ನೇ ಸೊಗಸು. ಉದ್ದನೆಯ ಸರ ವಾದ್ಯದ ಬೆನ್ನಿಗೆ ಉಜ್ಜಿ ಗೀರು ಬೀಳುತ್ತದೆ, ಅದನ್ನು ರವಿಕೆಯೊಳಗೆ ಸೇರಿಸಿ. ಬಲಗೈಯ ಗಾಜಿನ ಬಳೆ ಮರಕ್ಕೆ ತಾಗಿ ಟಿಂಗ್ ಟಿಂಗ್ ಎನ್ನುತ್ತದೆ. ಬಳೆ ತೆಗೆಯಬಾರದು ಎನ್ನುವ ಮನೆಯಾದರೆ ಒಂದೇ ಒಂದು ಬಿಗಿಯಾದದ್ದನ್ನು ಮೇಲಕ್ಕೆ ಸರಿಸಿಕೊಂಡರಾಯಿತು. ಕಾರ್ಯಕ್ರಮದ ದಿನ ಪಾತ್ರೆ ತೊಳೆಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಇದು ಸೋಮಾರಿತನಕ್ಕೆ ನೆಪವಲ್ಲ ಕಣ್ರೀ. ನೀರಿನಲ್ಲಿ ನೆನೆದ ಬೆರಳ ಚರ್ಮ ಮೆತ್ತಗಾಗಿ, ದಪ್ಪ ತಂತಿಗೆ ಬೇಗ ಬೊಬ್ಬೆ ಬರುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹೆಚ್ಚು ನುಡಿಸಬೇಡಿ. ಬೇಸ್ ಎಂದರೆ ಎಲೆಯ ತುದಿಯ ಉಪ್ಪು, ಪಾಯಸ ಅಲ್ಲ. ಭಾವಗೀತೆಯಾದರೆ ಒಂದು ಆವರ್ತಕ್ಕೆ ಎರಡು ಸ್ವರ, ಷಡ್ಜ ಮತ್ತು ಪಂಚಮ, ಅದೂ ಮೆಲ್ಲಗೆ. ತಬಲಾದ ಎಡಗೈ ಗುಂಯ್ ಎನ್ನುವ ಕಡೆ ನೀವು ಸುಮ್ಮನಿರಿ. ಇಬ್ಬರೂ ಒಂದೇ ತಗ್ಗಿನಲ್ಲಿ ಗುದ್ದಾಡಿದರೆ ಸಾಹಿತ್ಯವೇ ಕೇಳಿಸುವುದಿಲ್ಲ. ಡ್ರಮ್ಸ್ ಇದ್ದರೆ ಅವರ ಕಾಲಿನ ಪೆಟ್ಟಿಗೆ ಕಿವಿ ಕೊಟ್ಟು, ಆ ಪೆಟ್ಟಿನ ಮೇಲೆ ನಿಮ್ಮ ಬೆರಳು ಬೀಳಲಿ. ಇಷ್ಟಾದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಕಾಯುವ ಕೆಲಸ. ಈಗ ಎಲ್ಲ ಕಡೆ ಕರೋಕೆ ಬಂದಿದೆ. ಟ್ರ್ಯಾಕ್ ಹಾಕಿ ಮೈಕ್ ಹಿಡಿದರೆ ಹಾಡುಗಾರರು ಸಿದ್ಧ, ವಾದ್ಯದವರ ಖರ್ಚಿಲ್ಲ, ರಗಳೆಯಿಲ್ಲ. ಅದನ್ನು ನಾನು ಹಳಿಯುವುದಿಲ್ಲ. ಹಾಡುವ ಆಸೆಯಿದ್ದ ಎಷ್ಟೋ ಹೆಂಗಸರಿಗೆ ಅದರಿಂದ ಬಾಯಿ ಬಂದಿದೆ. ಆದರೆ ಟ್ರ್ಯಾಕ್ ರೈಲಿದ್ದ ಹಾಗೆ, ಹತ್ತಿದರೆ ಹತ್ತಿದಿರಿ, ಇಲ್ಲವಾದರೆ ಅದು ಹೊರಟೇಹೋಯಿತು. ನಾವು ಎತ್ತಿನ ಗಾಡಿಯವರು, ನಿಲ್ಲಿಸಿಕೊಂಡು ಕಾಯುತ್ತೇವೆ. ನಮ್ಮ ಬಡಾವಣೆಯ ಒಂದು ಕಾರ್ಯಕ್ರಮದಲ್ಲಿ ನಿವೃತ್ತ ಟೀಚರೊಬ್ಬರು ತಮ್ಮ ಯಜಮಾನರಿಗೆ ಇಷ್ಟವಾಗಿದ್ದ ಹಾಡು ಹಾಡಲು ನಿಂತರು. ಅವರು ಹೋಗಿ ವರ್ಷವಾಗಿರಲಿಲ್ಲ. ಎರಡನೇ ಚರಣದಲ್ಲಿ ಗಂಟಲು ಕಟ್ಟಿತು. ನಾವು ನಿಲ್ಲಿಸಲಿಲ್ಲ. ಡ್ರಮ್ಸಿನ ಹುಡುಗ ಪೆಟ್ಟು ತಗ್ಗಿಸಿದ, ನಾನು ಷಡ್ಜವೊಂದನ್ನೇ ಹಿಡಿದುಕೊಂಡೆ, ಮಿಕ್ಕವರು ಕೈ ಕಟ್ಟಿದರು. ಹಾಗೆ ಐದಾರು ಆವರ್ತ ಹೋಗಿರಬೇಕು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಟ್ಟ ಸಾಲಿನಿಂದಲೇ ಎತ್ತಿಕೊಂಡು, ಹಾಡನ್ನು ಮುಗಿಸಿಯೇ ಕೆಳಗಿಳಿದರು. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಹಾಡಿನದೇ ಭಾಗ ಅನ್ನಿಸಿತಂತೆ.

ಇದಕ್ಕೆ ಅಭ್ಯಾಸ ಬೇಕು. ಹಾಡುವವರು ಒಂದು ಚರಣ ಮರೆತು ಇನ್ನೊಂದಕ್ಕೆ ಹಾರುತ್ತಾರೆ, ಬಿ.ಜಿ.ಎಂ. ಮುಗಿಯುವ ಮೊದಲೇ ಎತ್ತಿಬಿಡುತ್ತಾರೆ. ಆಗ ನೀವು ಪುಸ್ತಕ ನೋಡುತ್ತಾ ಕೂತರೆ ಕೆಟ್ಟಿರಿ. ಅವರ ಬಾಯನ್ನು ನೋಡುತ್ತಿರಿ. ಗೊಂದಲವಾದ ತಕ್ಷಣ ಷಡ್ಜಕ್ಕೆ ಬಂದು ತಾಳ ಬಿಡದೆ ಹಿಡಿದರೆ, ಹತ್ತು ಜನರಿದ್ದ ತಂಡವೂ ಮನೆಗೆ ದಾರಿ ಸಿಕ್ಕಿದವರಂತೆ ಅಲ್ಲಿಗೇ ಬಂದು ಸೇರುತ್ತದೆ. ತಾಲೀಮಿನಲ್ಲಿ ಬೇಕೆಂದೇ ಸಾಲು ತಪ್ಪಿಸಿ ಹಾಡಲು ಹೇಳಿ, ಮಜವಾಗಿರುತ್ತದೆ.

ಹಾಡುಗಳನ್ನು ಬರೆದುಕೊಳ್ಳುವಾಗ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕಿಂತ ಸ, ಮ, ಪ ಎಂದೇ ಬರೆದಿಡಿ. ಗಂಡಸಿನ ಧ್ವನಿಯ ಹಾಡನ್ನು ಹೆಂಗಸರು ಹಾಡುವಾಗ ಕೊನೇ ಗಳಿಗೆಯಲ್ಲಿ "ಒಂದೂವರೆ ಮನೆ ಏರಿಸಿ" ಎನ್ನುವುದು ಇದ್ದದ್ದೇ. ಸ್ವರದಲ್ಲಿ ಬರೆದಿದ್ದರೆ ಷಡ್ಜದ ಜಾಗ ಬದಲಾಯಿಸಿದರೆ ಸಾಕು, ಹಾಳೆ ಬದಲಾಯಿಸಬೇಕಿಲ್ಲ.

ಕೀಬೋರ್ಡಿನವರ ಎಡಗೈ ಬಗ್ಗೆ ಒಂದು ಮಾತು. ಬೇಸ್ ಇಲ್ಲದ ಕಡೆ ನುಡಿಸಿ ರೂಢಿಯಾಗಿ, ಎಡಗೈಯಲ್ಲಿ ಅವರೇ ತಗ್ಗಿನ ಸ್ವರ ಒತ್ತುತ್ತಿರುತ್ತಾರೆ. ಒಂದೇ ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗಾಗುತ್ತದೆ. ವೇದಿಕೆಯ ಮೇಲೆ ಮುಖ ಸಿಂಡರಿಸಬೇಡಿ. ತಾಲೀಮಿನ ದಿನವೇ ಕಾಫಿ ಕೊಟ್ಟು, "ಅಣ್ಣಾ, ಎಡಗೈಗೆ ಇವತ್ತು ರಜ ಕೊಡಿ" ಎಂದುಬಿಡಿ.

ಮೈಕ್‌ಸೆಟ್ಟಿನವರನ್ನು ಹೆಸರು ಹಿಡಿದು ಮಾತಾಡಿಸಿ, ಅರ್ಧ ಗಂಟೆ ಮೊದಲೇ ಹೋಗಿ. ಕಲ್ಯಾಣಮಂಟಪವಾದರೆ ಆಂಪ್ಲಿಫೈಯರನ್ನು ಗೋಡೆಯ ಮೂಲೆಗೆ ಒತ್ತಿ ಇಡಬೇಡಿ, ಮೂಲೆಯಲ್ಲಿ ತಗ್ಗಿನ ಸ್ವರ ಊದಿಕೊಂಡು ಕೊಡ ಗುಡುಗಿದಂತಾಗುತ್ತದೆ. ಕೇಬಲ್ ಎರಡಿರಲಿ. ಮೊಣಕೈಗೆ ಹಗ್ಗದಂತೆ ಬಿಗಿದು ಸುತ್ತಿದರೆ ಒಳಗಿನ ತಂತಿ ಮುರಿಯುತ್ತದೆ, ಸಡಿಲ ಬಳೆಯಂತೆ ಸುತ್ತಿಡಿ. ಬ್ಯಾಟರಿ ಹಾಕುವ ಮಾದರಿಯ ಬೇಸ್ ಆದರೆ ನುಡಿಸದ ಹೊತ್ತಿನಲ್ಲಿ ಕೇಬಲ್ ಕಿತ್ತಿಡಿ, ಇಲ್ಲವಾದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

ಕರೆಂಟಿನ ವಿಷಯಕ್ಕೆ ಮಾತ್ರ ಯಾವ ದಾಕ್ಷಿಣ್ಯವೂ ಬೇಡ. ಇದನ್ನು ಎರಡು ಸಲ ಓದಿ. ಬೇಸ್ ಗಿಟಾರಿನ ತಂತಿಗಳಿಗೆ ಒಳಗಿನಿಂದ ಆಂಪ್ಲಿಫೈಯರಿನ ಅರ್ತ್ ಜೊತೆ ಸಂಪರ್ಕ ಇರುತ್ತದೆ. ಮೈಕಿಗೆ ಅರ್ತ್ ಸರಿಯಿಲ್ಲದೆ ಅದರ ಲೋಹಕ್ಕೆ ಕರೆಂಟು ಬಂದಿದ್ದರೆ, ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದ ಕ್ಷಣ ಕರೆಂಟು ಮೈಯೊಳಗೇ ಹಾದುಹೋಗುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್‌ಸಿ ಊರಿನಲ್ಲಿ, 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಹೀಗೇ ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ತೀರಿಕೊಂಡರು. ನಮ್ಮ ಪೆಂಡಾಲುಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಮುರಿದಿರುತ್ತಾರೆ, ಬರಿಯ ವೈರಿನ ತುದಿಗಳನ್ನು ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಅದರ ಮೇಲೆ ಮಳೆಗಾಲದ ಗಣಪತಿ, ಒದ್ದೆ ನೆಲ. ದೇವರ ಮುಂದೆ ಚಪ್ಪಲಿ ಹಾಕುವ ಹಾಗಿಲ್ಲ.

ಅದಕ್ಕೆ ಏನು ಮಾಡಬೇಕೆಂದರೆ, ನಿಮ್ಮ ಆಂಪ್ಲಿಫೈಯರೂ ಮೈಕ್‌ಸೆಟ್ಟೂ ಅರ್ತ್ ಸರಿಯಿರುವ ಒಂದೇ ಕಡೆಯ ಲೈನಿನಿಂದ ಬರಲಿ. ಮೈಕನ್ನೂ ತಂತಿಯನ್ನೂ ಟೆಸ್ಟರಿನಿಂದ ಮುಟ್ಟಿ ನೋಡಲು ಮೈಕ್‌ಸೆಟ್ಟಿನವರಿಗೇ ಹೇಳಿ, ದೀಪ ಹತ್ತಿದರೆ ವಾದ್ಯ ಚೀಲದಿಂದ ಹೊರಗೆ ಬರುವುದು ಬೇಡ. ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಸ್ವಿಚ್ಚು ಲೈನಿನಲ್ಲಿ ಇದೆಯೇ ಎಂದು ಕೇಳಿ. ಬರಿಗಾಲಿನಲ್ಲಿ ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟು ಹಾಸಿಕೊಳ್ಳಿ. ಅದು ಕಾಲಿಗೆ ಕಾವಲು ಅಷ್ಟೇ, ಕೈಯಿಂದ ತುಟಿಗೆ ಹರಿಯುವುದನ್ನು ತಡೆಯುವುದಿಲ್ಲ. ಹಾಗಾಗಿ ಮೈಕಿಗೆ ಸ್ಪಂಜಿನ ಟೋಪಿ ಇರಲಿ, ತುಟಿ ತಾಗಿಸಬೇಡಿ. "ಏನಾಗಲ್ಲ ಬಿಡಿ ಅಕ್ಕಾ, ದಿನಾ ಹೀಗೇ ಮಾಡೋದು" ಎಂದರೆ ಜಗಳವಾದರೂ ಸರಿಯೇ, ಪ್ಲಗ್ಗು ಬದಲಾಯಿಸುವ ತನಕ ನುಡಿಸಬೇಡಿ. ನಿಮ್ಮನ್ನು ಗಯ್ಯಾಳಿ ಅಂದಾರು, ಅನ್ನಲಿ.

ಸಮಯದ್ದು ಇನ್ನೊಂದು ಕಥೆ. ಏಳಕ್ಕೆ ಎಂದ ಕಾರ್ಯಕ್ರಮ ಭಾಷಣ, ಸನ್ಮಾನ ಮುಗಿದು ಶುರುವಾಗುವುದು ಎಂಟೂವರೆಗೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರಕಾರ ವರ್ಷಕ್ಕೆ 15 ದಿನ ಮೀರದಂತೆ 12ರ ತನಕ ವಿನಾಯಿತಿ ಕೊಡಬಹುದು. ಯಾವ ಹಾಡು ಬಿಡುವುದೆಂದು ಮೊದಲೇ ಗುರುತು ಹಾಕಿಕೊಂಡಿರಿ. ಹಾಗೆ ಬಿಡುವಾಗ ಪುಟ್ಟ ಮಕ್ಕಳ ಹಾಡನ್ನು ಮಾತ್ರ ಕೈಬಿಡಬೇಡಿ, ಅವರು ತಿಂಗಳಿಂದ ಕಾದಿರುತ್ತಾರೆ.

ದುಡ್ಡಿನ ಮಾತು ಆಡಲು ನಮಗೆ ನಾಚಿಕೆ. ಶಾಮಿಯಾನದವರಿಗೆ, ಮೈಕಿನವರಿಗೆ, ಊಟದವರಿಗೆ ಪೂರ್ತಿ ಎಣಿಸಿ ಕೊಡುವವರು ವಾದ್ಯದ ಹೆಂಗಸರಿಗೆ ಮಾತ್ರ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೈ ಮುಗಿಯುತ್ತಾರೆ. ಹವ್ಯಾಸಿ ಎಂದರೆ ಬಿಟ್ಟಿ ಎಂದಲ್ಲ. ದೇವಸ್ಥಾನದ ಸೇವೆ, ನೆಂಟರ ಮನೆಯ ನಾಮಕರಣ ಸರಿ, ಹಾಗೇ ನುಡಿಸಿ ಬನ್ನಿ. ಉಳಿದ ಕಡೆ ಹೋಗಿಬರುವ ಗಾಡಿಯ ಖರ್ಚು, ತಂತಿಯ ಖರ್ಚು ಇಷ್ಟಾದರೂ ಮೊದಲೇ ಮಾತಾಡಿಕೊಳ್ಳಿ. ರಾತ್ರಿ ವಾಪಸು ಬರುವ ಗಾಡಿ ಗೊತ್ತಾದ ಮೇಲೇ ಒಪ್ಪಿಗೆ ಕೊಡಿ. "ಆಮೇಲೆ ನೋಡೋಣ" ಎಂದವರ ಪೆಂಡಾಲಿನಲ್ಲಿ ಹತ್ತೂವರೆಗೆ ಆಟೋ ಹುಡುಕುವುದು ನೀವೇ ಆಗಿರುತ್ತೀರಿ.

ಕೊನೆಗೆ, ಅಡುಗೆಯ ಪುಟಗಳಿಗೆ ಸಲ್ಲಬೇಕಾದ ಒಂದು ವಿಧಾನ. ಬೇಸ್ ತಂತಿಯ ಒಂದು ಸೆಟ್ಟಿಗೆ ಸಾಕಷ್ಟು ಬೆಲೆಯಿದೆ. ಬೆವರು, ಜಿಡ್ಡು ಸೇರಿ ನಾದ ಮಂಕಾಗುತ್ತದೆ, ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಮುಟ್ಟಿದರಂತೂ ಮುಗಿಯಿತು. ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿದರೆ ಹೆಚ್ಚು ದಿನ ಬರುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಚೀಲದೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ. ಹಾಗೂ ಮಂಕಾದರೆ ಲೋಹದ ಸುತ್ತಿನ ತಂತಿಗಳನ್ನು ಬಿಚ್ಚಿ, ಸಡಿಲವಾಗಿ ಸುತ್ತಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ. ತೆಗೆದು ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕಟ್ಟಿಕೊಳ್ಳಿ. ಹೊಸದರ ಹೊಳಪು ಕೆಲವು ದಿನದ ಮಟ್ಟಿಗೆ ಮರಳುತ್ತದೆ, ಒಂದು ಕಾರ್ಯಕ್ರಮಕ್ಕೆ ಧಾರಾಳವಾಯಿತು. ನೈಲಾನ್ ಸುತ್ತಿದ ತಂತಿಗೆ ಇದು ಬೇಡ. ಒಂದೇ ಸೆಟ್ಟನ್ನು ಪದೇ ಪದೇ ಬೇಯಿಸಿದರೆ ತುಂಡಾದೀತು. ಕುದಿದ ನೀರು ಕಪ್ಪಗಾಗಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಬೇಯಿಸಿದ್ದು ಹಳೇ ಪಾತ್ರೆಯಾಗಿರಲಿ, ಅದರಲ್ಲಿ ಆಮೇಲೆ ಹಾಲು ಕಾಯಿಸಬೇಡಿ.