ಚರ್ಚಿನಲ್ಲಿ ಕೂತವರೆಲ್ಲರಿಗೂ ಮಾತು ತಿಳಿಯಲಿ

ಶ್ರವಣದೋಷವಿರುವ ಹಿರಿಯರಿಗೆ ಭಾನುವಾರದ ಆರಾಧನೆಯಲ್ಲಿ ಸದ್ದು ಕೇಳಿಸುತ್ತದೆ, ಆದರೆ ಮಾತು ತಿಳಿಯುವುದಿಲ್ಲ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಧ್ವನಿಗಳನ್ನು ಹಿಡಿಯುವ ಶಕ್ತಿ. ಸ, ಶ, ತ, ಚ ಮೊದಲಾದ ವ್ಯಂಜನಗಳು ಮಸುಕಾಗಿ ಸ್ವರಗಳ ಗುಂಯ್‌ಗುಡುವಿಕೆಯಷ್ಟೇ ಉಳಿಯುತ್ತದೆ. ಅಕ್ಕಪಕ್ಕದವರು ಎದ್ದಾಗ ಎದ್ದು, ಮೊಣಕಾಲೂರಿದಾಗ ಮೊಣಕಾಲೂರಿ, ಪ್ರಬೋಧನೆ ಮುಗಿಯುವುದನ್ನೇ ಕಾಯುತ್ತ ಕೂರುವವರು ಎಷ್ಟೋ ಮಂದಿ. ಕೆಲವರು ಬರುವುದನ್ನೇ ಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ನಿತ್ಯದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿದೆ.

ಧ್ವನಿವರ್ಧಕದ ಸದ್ದು ಏರಿಸಿದರೆ ಇದು ಪರಿಹಾರವಾಗದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಂತಹ ಗಾಥಿಕ್ ಶೈಲಿಯ ಎತ್ತರದ ಕಟ್ಟಡಗಳಲ್ಲಿ ಕಲ್ಲು, ಗಾರೆ, ಗಾಜುಗಳಿಗೆ ಬಡಿದ ಧ್ವನಿ ಬೇಗ ಅಡಗುವುದಿಲ್ಲ. ಗಾಯನಕ್ಕೆ ಗಾಂಭೀರ್ಯ ಕೊಡುವ ಆ ಅನುರಣನವೇ ಮಾತಿಗೆ ಶತ್ರು: ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ಶ್ರವಣಯಂತ್ರಕ್ಕೂ ಇಲ್ಲಿ ಮಿತಿಯಿದೆ. ಎದುರಿಗೆ ಒಂದೆರಡು ಮೀಟರ್ ದೂರದಲ್ಲಿ ನಿಂತವರ ಮಾತಿಗೆ ಅದು ಚೆನ್ನಾಗಿ ಒದಗುತ್ತದೆ. ದೂರದ ಪೀಠದಿಂದ ಬರುವ ಮಾತಿನ ಜೊತೆಗೆ ಫ್ಯಾನಿನ ಸದ್ದು, ಕೆಮ್ಮು, ಮಗುವಿನ ಅಳು ಎಲ್ಲವನ್ನೂ ಅದು ಹಿಗ್ಗಿಸುತ್ತದೆ. ಬೇಕಾಗಿರುವುದು ಹೆಚ್ಚು ಸದ್ದಲ್ಲ, ಮೈಕಿನಿಂದ ನೇರವಾಗಿ ಕಿವಿಗೆ ಬರುವ ಧ್ವನಿ.

ಇದಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಇಂಡಕ್ಷನ್ ಲೂಪ್. ಕೂರುವ ಜಾಗದ ಸುತ್ತ ಹಾಸಿದ ತಂತಿ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಶ್ರವಣಯಂತ್ರದೊಳಗಿನ ಟೆಲಿಕಾಯಿಲ್ ಅದನ್ನು ಗ್ರಹಿಸುತ್ತದೆ. ಯಂತ್ರವನ್ನು ‘ಟಿ’ ಸ್ಥಾನಕ್ಕೆ ತಿರುಗಿಸಿದರೆ ಸಾಕು, ಬೇರೆ ಉಪಕರಣ ಬೇಡ. ಆದರೆ ಎಲ್ಲ ಶ್ರವಣಯಂತ್ರಗಳಲ್ಲಿ ಟೆಲಿಕಾಯಿಲ್ ಇರುವುದಿಲ್ಲ. ಕಟ್ಟಡದ ಕಬ್ಬಿಣ ಕಾಂತಕ್ಷೇತ್ರವನ್ನು ಕುಗ್ಗಿಸಲೂಬಹುದು. ಎರಡನೆಯದು ರೇಡಿಯೊ ತರಂಗದ ಎಫ್‌ಎಂ ವ್ಯವಸ್ಥೆ. ಅಳವಡಿಸುವುದು ಸುಲಭ, ಕೇಳುಗರಿಗೆ ರಿಸೀವರ್ ಮತ್ತು ಇಯರ್‌ಫೋನ್ ಕೊಡಬೇಕು. ತರಂಗಾಂತರದ ಪರವಾನಗಿ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಮೂರನೆಯದು ಇನ್‌ಫ್ರಾರೆಡ್, ಅದು ಗೋಡೆ ದಾಟದು, ನೇರ ಬಿಸಿಲಿನಲ್ಲಿ ತಡವರಿಸುತ್ತದೆ. ನಾಲ್ಕನೆಯದು ವೈಫೈ ಅಥವಾ ಬ್ಲೂಟೂತ್. ವೈಫೈನಲ್ಲಿ ಧ್ವನಿ ತುಸು ತಡವಾಗಿ ಬಂದರೂ ತುಟಿಯ ಚಲನೆಗೂ ಮಾತಿಗೂ ತಾಳೆಯಾಗದು. 2022ರಲ್ಲಿ ಪ್ರಕಟವಾದ ಆರಾಕಾಸ್ಟ್ ಎಂಬ ಬ್ಲೂಟೂತ್ ಪ್ರಸಾರದಿಂದ ಒಂದೇ ಟ್ರಾನ್ಸ್‌ಮಿಟರ್ ಎಷ್ಟೋ ಕಿವಿಗಳನ್ನು ಒಟ್ಟಿಗೆ ತಲುಪಬಲ್ಲದು. ಅದಕ್ಕೆ ಹೊಂದುವ ಯಂತ್ರಗಳು ಈಗಷ್ಟೇ ಬಳಕೆಗೆ ಬರುತ್ತಿವೆ.

ಯಾವುದನ್ನು ಆರಿಸಿದರೂ ಫಲ ಸಿಗುವುದು ನಿರ್ವಹಣೆಯಿಂದ. ವಾಚನ ಮಾಡುವವರು ಮೈಕಿನಿಂದ ದೂರ ಸರಿದರೆ ದುಬಾರಿ ಯಂತ್ರವೂ ವ್ಯರ್ಥ. ರಿಸೀವರ್‌ಗಳನ್ನು ಶನಿವಾರವೇ ಚಾರ್ಜ್ ಮಾಡಿ, ಇಯರ್‌ಫೋನ್‌ಗಳನ್ನು ಶುಚಿಗೊಳಿಸಿ, ಬಾಗಿಲ ಬಳಿ ಒಬ್ಬ ಸ್ವಯಂಸೇವಕರ ಕೈಗೆ ಕೊಡಬೇಕು. ಕೇಳಿ ಪಡೆಯಲು ಸಂಕೋಚಪಡುವವರಿಗಾಗಿ ಪ್ರಕಟಣೆಯಲ್ಲೂ ಫಲಕದಲ್ಲೂ ಸೌಲಭ್ಯವನ್ನು ತಿಳಿಸಬೇಕು. ಕೊಳ್ಳುವ ಮುನ್ನ ಶ್ರವಣದೋಷವಿರುವವರನ್ನೇ ಬೇರೆ ಬೇರೆ ಬೆಂಚುಗಳಲ್ಲಿ ಕೂರಿಸಿ ಪರೀಕ್ಷಿಸಬೇಕು. ಅವರು ಒಪ್ಪದ ವ್ಯವಸ್ಥೆಯನ್ನು ಕೊಳ್ಳಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಹತ್ತಿರದ ಶ್ರವಣ ತಜ್ಞರೂ ಸಲಹೆಗೆ ಒದಗಬಲ್ಲರು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳ ವ್ಯಾಖ್ಯೆಯಲ್ಲಿ ಧಾರ್ಮಿಕ ಬಳಕೆಯ ಕಟ್ಟಡಗಳನ್ನೂ ಸೇರಿಸಿದೆ. ಆದರೂ ಗಾಲಿಕುರ್ಚಿಯ ಇಳಿಜಾರು ಕಣ್ಣಿಗೆ ಕಾಣುವಂತೆ ಕಿವಿಯ ಕೊರತೆ ಕಾಣದು. ಆದ್ದರಿಂದಲೇ ಅದು ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಬೀಳುತ್ತದೆ. ಧರ್ಮಗುರುಗಳು, ಸಭಾಪಾಲಕರು ಮತ್ತು ಪಾಲನಾ ಸಮಿತಿಗಳು ಮುಂದಿನ ಸಭೆಯಲ್ಲೇ ಈ ವಿಷಯವನ್ನು ಕೈಗೆತ್ತಿಕೊಳ್ಳಲಿ. ಹೊಸ ಧ್ವನಿವರ್ಧಕಕ್ಕೆ ಹಣ ಮೀಸಲಿಡುವ ಮೊದಲು ನಾಲ್ಕಾರು ರಿಸೀವರ್‌ಗಳಿಂದಲಾದರೂ ಆರಂಭಿಸಲಿ. ಹಿರಿಯರನ್ನು ಕರೆತರುವ ಮಕ್ಕಳು, ಮೊಮ್ಮಕ್ಕಳು ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಲಿ ಎಂಬುದು ಕಳಕಳಿಯ ಮನವಿ.